ಜಗಲಿಯ ಬೀಡಿ, ಜಗಲಿಯ ಕಂಪ್ಯೂಟರು

ಸಾಫ್ಟ್‌ವೇರ್ ಇಂಜಿನಿಯರುಗಳಿಗೆ ಕೆಲಸದಿಂದ ಬೇಕಾದುದೇನೆಂದು ಕೇಳಿದರೆ ನೀವು ಥಟ್ಟನೆ 'ಸಂಬಳ' ಎನ್ನುವಿರಿ. ಉತ್ತರ ಅಷ್ಟು ಸರಳವಲ್ಲ. ಅದನ್ನು ತಿಳಿಯಲು ಮೊದಲು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳ ಜಗಲಿಗೆ ಬನ್ನಿ.

ಇಲ್ಲಿನ ಹೆಂಗಸರು ತಲೆಮಾರುಗಳಿಂದ ಮನೆಯಲ್ಲೇ ಕುಳಿತು ಬೀಡಿ ಕಟ್ಟಿದ್ದಾರೆ. ಗುತ್ತಿಗೆದಾರನಿಂದ ಎಲೆ, ಹೊಗೆಸೊಪ್ಪು ತರಬೇಕು. ಎಲೆ ಕತ್ತರಿಸಿ, ಸುತ್ತಿ, ನೂಲು ಬಿಗಿದು ಮರಳಿ ಒಪ್ಪಿಸಬೇಕು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಚೆನ್ನಾಗಿಲ್ಲವೆಂದು ಪಕ್ಕಕ್ಕೆ ಸರಿಸಿದ ಬೀಡಿಯ ಕೂಲಿ ಏನಾಯಿತು? ಮನೆಯಲ್ಲಿ ದುಡಿಯುವವಳು ಕಾರ್ಮಿಕಳೇ? ಹಾಗಾದರೆ ಅವಳ ಮಾಲೀಕ ಯಾರು, ಗುತ್ತಿಗೆದಾರನೋ ಕಂಪೆನಿಯೋ? 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದೇ ಕರೆಯಿತು. ಕಚ್ಚಾ ಸಾಮಗ್ರಿಯ ವಿತರಣೆ, ತಿರಸ್ಕರಿಸಿದ ಬೀಡಿಯ ಕೂಲಿ ಮೊದಲಾದ ತಕರಾರುಗಳನ್ನು ಗೊತ್ತಾದ ಅಧಿಕಾರಿ ತೀರ್ಮಾನಿಸಬೇಕೆಂದಿತು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮುಂತಾದವರು ಇದನ್ನು ಪ್ರಶ್ನಿಸಿದಾಗ, 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಕೂಲಿ ಹೆಚ್ಚಬೇಕೆಂಬುದು ಇದ್ದದ್ದೇ. ಅದಕ್ಕೂ ಮುಂಚೆ ಬೇಕಿದ್ದುದು, ನನ್ನ ಮಟ್ಟಿಗೆ, ಬರಹದಲ್ಲಿರುವ ನಿಯಮ.

1995ರಲ್ಲಿ ಇನ್ಫೋಸಿಸ್ ಮಂಗಳೂರಿಗೆ ಬಂತು. ಆಮೇಲೆ, ಆಗ ಬಂಟ್ವಾಳ ತಾಲೂಕಿಗೆ ಸೇರಿದ್ದ ಮುಡಿಪು ಪರಿಸರದಲ್ಲಿ ಅದರ ದೊಡ್ಡ ಕ್ಯಾಂಪಸ್ಸು ಎದ್ದಿತು. ಮೂಡುಬಿದಿರೆ, ಉಜಿರೆಯಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಊರ ಬಳಿಯೇ ಕೆಲಸ ಸಿಗುವ ಆಸೆ ಹುಟ್ಟಿತು. 2020ರ ಲಾಕ್‌ಡೌನಿನಲ್ಲಿ ಕೆಲಸವೇ ಮನೆಗೆ ಬಂತು. ಅಮ್ಮ ಬೀಡಿ ಕಟ್ಟುವ ಜಗಲಿಯಲ್ಲಿ ಮಗಳ ಲ್ಯಾಪ್‌ಟಾಪು!

ಒಂದು ವ್ಯತ್ಯಾಸವಿದೆ, ಗಮನಿಸಿ. ಬೀಡಿಯನ್ನು ಎಣಿಸಬಹುದು. ಪ್ರೋಗ್ರಾಮಿನ ಒಂದು ದೋಷ ಹುಡುಕಲು ಹತ್ತು ನಿಮಿಷ ಸಾಕಾದೀತು, ಎರಡು ರಾತ್ರಿ ಬೇಕಾದೀತು. (ನಮ್ಮ ಟಿ.ವಿ. ಸಂಕಲನದ ಕೋಣೆಯೂ ಹಾಗೆಯೇ.) ಆದ್ದರಿಂದ ಇವರ ಜಗಳ ಗಂಟೆಯ ಮೇಲೆ. ಕೆಲಸದ ಷರತ್ತುಗಳನ್ನು ಬರೆದಿಡಬೇಕೆನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯಿದೆಯಿಂದ ಕರ್ನಾಟಕ ಸರಕಾರ ಐ.ಟಿ. ಕಂಪೆನಿಗಳಿಗೆ ವರ್ಷಗಟ್ಟಲೆ ವಿನಾಯಿತಿ ಕೊಟ್ಟಿತ್ತು. 2024ರ ಜುಲೈಯಲ್ಲಿ ದಿನಕ್ಕೆ 14 ಗಂಟೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ, ಕರ್ನಾಟಕ ರಾಜ್ಯ ಐ.ಟಿ. ನೌಕರರ ಸಂಘ ಬಲವಾಗಿ ವಿರೋಧಿಸಿತು. ಮನೆಮಂದಿಯೊಡನೆ ಕಳೆಯುವ ಹೊತ್ತು, ಹೊಸದನ್ನು ಕಲಿಯುವ ಬಿಡುವು, ನಿದ್ದೆ, ಇವೆಲ್ಲ ಆ ಗಂಟೆಗಳಲ್ಲೇ ಅಡಗಿದ್ದವು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1946ರ, 1966ರ ಕಾಯಿದೆಗಳೆರಡೂ ತೆರೆಯ ಹಿಂದೆ ಸರಿದವು. ನಿಮ್ಮ ಮನೆಯಲ್ಲಿ ಅಜ್ಜಿಯ ಬೀಡಿಯ ಲೆಕ್ಕದ ಪುಸ್ತಕ ಉಳಿದಿದ್ದರೆ ತೆಗೆದು ನೋಡಿ. ಕೊಟ್ಟ ಎಲೆ ಎಷ್ಟು, ಒಪ್ಪಿಸಿದ ಬೀಡಿ ಎಷ್ಟು, ಹಾಳೆಂದು ಕಳೆದದ್ದು ಎಷ್ಟು? ಆ ಪುಟವನ್ನು ಅಕ್ಕನ ನೇಮಕಾತಿ ಪತ್ರದ ಪಕ್ಕದಲ್ಲಿಟ್ಟು, ಅದರಲ್ಲಿ ಗಂಟೆಯ ಲೆಕ್ಕ ಬರೆದಿದೆಯೇ ಎಂದು ಹುಡುಕಿ.