ಸ್ಪೇನ್ ದೇಶದ ಹಳೆಯ ಕೆಂಪು ದ್ರಾಕ್ಷಾರಸ: ಚರಿತ್ರೆ, ರುಚಿ ಮತ್ತು ಬಡಿಸುವ ಕ್ರಮ

ದ್ರಾಕ್ಷಾರಸವು ಬಲಿಪೀಠದ ಮೇಲೆಯೂ ಹಬ್ಬದ ಊಟದ ಮೇಜಿನ ಮೇಲೆಯೂ ಸ್ಥಾನ ಪಡೆದಿರುವ ವಸ್ತು. ಆದರೂ ಅದರ ಹಿಂದಿರುವ ಮಾನವ ಪ್ರಯತ್ನದ ಚರಿತ್ರೆಯನ್ನು ನಾವು ವಿಚಾರಿಸುವುದು ಅಪರೂಪ. ಹಳೆಯದಾದಷ್ಟೂ ಬೆಲೆ ಏರುವುದು ದ್ರಾಕ್ಷಾರಸದ ವಿಷಯದಲ್ಲಿ ಲೋಕರೂಢಿ. ಆದರೆ ಸ್ಪೇನ್ ದೇಶದಲ್ಲಿ ಐದು ವರ್ಷಗಳಿಗೂ ಮೀರಿ ನೆಲಮಾಳಿಗೆಯಲ್ಲಿ ಮಾಗಿದ ಕೆಂಪು ದ್ರಾಕ್ಷಾರಸವು ಸಾಮಾನ್ಯ ಕುಟುಂಬವೊಂದು ಹಬ್ಬದ ದಿನ ಕೊಳ್ಳಬಹುದಾದ ಬೆಲೆಗೆ ದೊರೆಯುವುದುಂಟು. ಐದು ವರ್ಷ ಕಾಯುವುದೆಂದರೆ ಐದು ವರ್ಷ ಹಣವನ್ನು ಕಟ್ಟಿಹಾಕಿದಂತೆ. ಆ ಕಾಯುವಿಕೆಯ ವೆಚ್ಚವನ್ನು ಹೊತ್ತವರಾರು? ಈ ಪ್ರಶ್ನೆಯೇ ಈ ಲೇಖನದ ವಿಷಯ. ಅದರ ಉತ್ತರದಲ್ಲಿ ಒಬ್ಬ ಧರ್ಮಗುರುವಿನ ಸೋಲೂ ಅಡಗಿದೆ.

ಸ್ಪೇನಿನ ಉತ್ತರ ಭಾಗದಲ್ಲಿ ಎಬ್ರೋ ನದಿಯ ದಂಡೆಯುದ್ದಕ್ಕೂ ಹಬ್ಬಿರುವ ಪ್ರದೇಶಕ್ಕೆ ರಿಯೋಹಾ ಎಂದು ಹೆಸರು. ಇಲ್ಲಿನ ಮುಖ್ಯ ದ್ರಾಕ್ಷಿ ಟೆಂಪ್ರನಿಯೋ. ಉಳಿದ ತಳಿಗಳಿಗಿಂತ ಬೇಗ ಹಣ್ಣಾಗುವುದರಿಂದ ‘ಬೇಗನೆಯದು’ ಎಂಬರ್ಥದ ಈ ಹೆಸರು ಅದಕ್ಕೆ ಬಂದಿದೆ. ಮಧ್ಯಯುಗದಲ್ಲಿ ಇಲ್ಲಿನ ದ್ರಾಕ್ಷಿಯ ಬೇಸಾಯವನ್ನು ಪೋಷಿಸಿದವರಲ್ಲಿ ಮಠವಾಸಿಗಳು ಪ್ರಮುಖರು. ಸಾನ್ ಮಿಯಾನ್ ಮಠದ ಆಶ್ರಯದಲ್ಲಿದ್ದ 13ನೆಯ ಶತಮಾನದ ಗುರು ಗೊನ್ಸಾಲೋ ದೆ ಬೆರ್ಸೆಯೋ, ಹೆಸರು ತಿಳಿದಿರುವ ಕವಿಗಳಲ್ಲಿ ಕಸ್ತೀಲಿಯನ್ ಭಾಷೆಗೆ ಮೊದಲಿಗನು. ತನ್ನ ಪದ್ಯಗಳಿಗೆ ಒಂದು ಲೋಟ ಒಳ್ಳೆಯ ದ್ರಾಕ್ಷಾರಸವೇ ತಕ್ಕ ಕೂಲಿಯೆಂದು ಆತನು ಬರೆದಿಟ್ಟಿದ್ದಾನೆ.

ಆದರೆ ಅಂದಿನ ಆ ದ್ರಾಕ್ಷಾರಸ ಬಹುಕಾಲ ಬಾಳುವಂಥದಾಗಿರಲಿಲ್ಲ. ತೊಗಲಿನ ಬುದ್ದಲಿಗಳಲ್ಲಿ ತುಂಬಿ, ಹೇಸರಗತ್ತೆಗಳ ಮೇಲೆ ಹೇರಿ ಸಾಗಿಸುತ್ತಿದ್ದುದರಿಂದ ಅದು ದೂರದ ಪ್ರಯಾಣವನ್ನು ತಾಳುತ್ತಿರಲಿಲ್ಲ. ಮುಂದಿನ ಬೇಸಗೆಯ ಹೊತ್ತಿಗೆ ಹುಳಿಯಾಗುವ ಭಯವೂ ಇತ್ತು. ಈ ದೋಷವನ್ನು ನೀಗಿಸಲು ಹೊರಟವನು ಲಬಸ್ತೀದಾ ಎಂಬ ಊರಿನ ಮನುಯೆಲ್ ಕಿಂತಾನೋ. ಈತನು ಬುರ್ಗೋಸ್ ಪ್ರಧಾನಾಲಯದ ಗುರುಮಂಡಲಿಗೆ ಸೇರಿದವನು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಬೋರ್ದೋ ನಗರದ ವಿಧಾನಗಳನ್ನು ಅಭ್ಯಸಿಸಿ ಬಂದು, ಓಕ್ ಮರದ ಪೀಪಾಯಿಗಳಲ್ಲಿ ದ್ರಾಕ್ಷಾರಸವನ್ನು ಮಾಗಿಸತೊಡಗಿದನು. ಅದು ಸಮುದ್ರ ದಾಟಿ ಕ್ಯೂಬಾ ದ್ವೀಪವನ್ನು ಕೆಡದೆ ತಲುಪಿತು. ಆದರೂ ಆತನ ಪ್ರಯತ್ನ ನಿಂತುಹೋಯಿತು. ಊರಿನ ಆಡಳಿತವು ಎಲ್ಲ ದ್ರಾಕ್ಷಾರಸಕ್ಕೂ ಒಂದೇ ಬೆಲೆಯನ್ನು ಗೊತ್ತುಪಡಿಸಿತ್ತು. ಪೀಪಾಯಿಯ ಖರ್ಚನ್ನೂ ಕಾದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಲು ಅದು ಒಪ್ಪಲಿಲ್ಲ. ದ್ರಾಕ್ಷಾರಸ ಗೆದ್ದಿತು, ಲೆಕ್ಕ ಸೋತಿತು.

ಅರ್ಧ ಶತಮಾನ ಕಳೆದ ಮೇಲೆ ಅದೇ ವಿಚಾರವು ಮತ್ತೆ ತಲೆಯೆತ್ತಿತು. ಜನರಲ್ ಎಸ್ಪಾರ್ತೆರೋನೊಡನೆ ಲಂಡನ್ನಿನಲ್ಲಿ ದೇಶಭ್ರಷ್ಟನಾಗಿದ್ದ ಲೂಸಿಯಾನೋ ಮುರಿಯೆತಾ ಎಂಬ ಸೈನ್ಯಾಧಿಕಾರಿಯು ಬೋರ್ದೋ ವಿಧಾನವನ್ನು ಕಲಿತು ಬಂದು, 1852ರಲ್ಲಿ ಲೊಗ್ರೋನ್ಯೋ ನಗರದಲ್ಲಿ ಆ ಬಗೆಯ ದ್ರಾಕ್ಷಾರಸವನ್ನು ಸಿದ್ಧಪಡಿಸಿದನು. 1862ರಲ್ಲಿ ಆಲಾವಾ ಪ್ರಾಂತದ ಆಡಳಿತವು ಝಾನ್ ಪಿನೋ ಎಂಬ ಫ್ರೆಂಚ್ ನಿಪುಣನನ್ನು ಬೆಳೆಗಾರರಿಗೆ ಕಲಿಸಲೆಂದು ಕರೆಸಿತು. ಬೆಳೆಗಾರರು ಕಲಿತರು, ಆದರೆ ಪೀಪಾಯಿಯ ದುಬಾರಿ ಬೆಲೆಗೂ ಹಣ ಕೈಸೇರುವಲ್ಲಿನ ವಿಳಂಬಕ್ಕೂ ಹೆದರಿ ಬಹುಮಂದಿ ಹಿಂಜರಿದರು. ಒಪ್ಪಂದ ಮುಗಿದ 1868ರಲ್ಲಿ ಪಿನೋನನ್ನು ತನ್ನಲ್ಲಿಗೆ ಸೇರಿಸಿಕೊಂಡವನು ಎಲ್ಸಿಯೇಗೋ ಊರಿನ ಮಾರ್ಕೇಸ್ ದೆ ರಿಸ್ಕಾಲ್. ಆತನಿಗೆ ಕಾಯುವ ಶಕ್ತಿ ಇತ್ತು. 1895ರಲ್ಲಿ ಬೋರ್ದೋ ನಗರದ ಪ್ರದರ್ಶನದಲ್ಲಿಯೇ ರಿಸ್ಕಾಲನ ದ್ರಾಕ್ಷಾರಸಕ್ಕೆ ಗೌರವಪತ್ರ ದೊರೆಯಿತು. ಶಿಷ್ಯನು ಗುರುವಿನ ಮನೆಯಲ್ಲೇ ಸನ್ಮಾನಿತನಾದಂತಾಯಿತು.

ಇಷ್ಟರಲ್ಲಿ ಫ್ರಾನ್ಸಿಗೆ ದೊಡ್ಡ ವಿಪತ್ತು ಬಂದೊದಗಿತ್ತು. ಬಳ್ಳಿಯ ಬೇರನ್ನು ಹೀರುವ ಫಿಲಾಕ್ಸೆರಾ ಎಂಬ ಸಣ್ಣ ಕೀಟವು 1860ರ ದಶಕದಿಂದ ಅಲ್ಲಿನ ತೋಟಗಳನ್ನು ಹಾಳುಗೆಡವತೊಡಗಿತು. ಫ್ರೆಂಚ್ ವರ್ತಕರು ದ್ರಾಕ್ಷಾರಸವನ್ನು ಅರಸಿ ರಿಯೋಹಾಕ್ಕೆ ಬಂದರು. ಆರೋ ಎಂಬ ಪಟ್ಟಣಕ್ಕೆ ಅದಾಗಲೇ ರೈಲುಮಾರ್ಗ ಬಂದಿತ್ತು. ನಿಲ್ದಾಣದ ಸುತ್ತಲೇ ದೊಡ್ಡ ಉಗ್ರಾಣಗಳು ಎದ್ದವು: 1877ರಲ್ಲಿ ಲೋಪೆಸ್ ದೆ ಎರೆದಿಯಾ, 1879ರಲ್ಲಿ ಕೂನೆ, 1890ರಲ್ಲಿ ಲಾ ರಿಯೋಹಾ ಆಲ್ತಾ. ಈ ಮೂರೂ ಇಂದಿಗೂ ಇವೆ. 1899ರಲ್ಲಿ ಅದೇ ಕೀಟ ರಿಯೋಹಾವನ್ನೂ ಹೊಕ್ಕಿತು. ಅಮೆರಿಕದ ಬೇರಿಗೆ ಕಸಿ ಕಟ್ಟಿ ತೋಟಗಳನ್ನು ಮತ್ತೆ ಬೆಳೆಸಬೇಕಾಯಿತು. ಫ್ರೆಂಚರು ಹಿಂದಿರುಗಿದರು, ಪೀಪಾಯಿಗಳು ಉಳಿದವು.

ಕಿಂತಾನೋನಿಗೆ ಸಿಗದಿದ್ದ ನ್ಯಾಯವನ್ನು 20ನೆಯ ಶತಮಾನದ ನಿಯಮಗಳು ಒದಗಿಸಿದವು. 1926ರಲ್ಲಿ ಸ್ಥಾಪಿತವಾದ ನಿಯಂತ್ರಣ ಮಂಡಲಿಯ ಮುದ್ರೆ ಸೀಸೆಯ ಮೇಲೆ ಬಂತು. ಕಾದ ವರ್ಷಗಳಿಗೂ ಕ್ರಮೇಣ ಹೆಸರು ದೊರೆಯಿತು. ಕನಿಷ್ಠ ಎರಡು ವರ್ಷ ಮಾಗಿದ್ದು ‘ಕ್ರಿಯಾನ್ಸಾ’, ಮೂರು ವರ್ಷದ್ದು ‘ರೆಸೆರ್ವಾ’, ಐದು ವರ್ಷದ್ದು ‘ಗ್ರಾನ್ ರೆಸೆರ್ವಾ’. ರಿಯೋಹಾದ ಗ್ರಾನ್ ರೆಸೆರ್ವಾ ಆ ಐದರಲ್ಲಿ ಕನಿಷ್ಠ ಎರಡು ವರ್ಷಗಳನ್ನು 225 ಲೀಟರಿನ ಪೀಪಾಯಿಯಲ್ಲಿ ಕಳೆಯಬೇಕು. ದಕ್ಷಿಣದ ಬಯಲುಸೀಮೆಯ ವಾಲ್ದೆಪೆನ್ಯಾಸ್ ಎಂಬಲ್ಲಿಯೂ ಇದೇ ಹೆಸರಿನ ದ್ರಾಕ್ಷಾರಸವುಂಟು. ಅಲ್ಲಿ 18 ತಿಂಗಳ ಪೀಪಾಯಿವಾಸ ಸಾಕು. ಬೆಲೆಯೂ ಬಹಳ ಇಳಿವು.

ಈ ಅಗ್ಗಕ್ಕೆ ಕಾರಣಗಳಿವೆ. ಫ್ರಾನ್ಸಿನ ಓಕ್ ಮರವನ್ನು ನಾರಿನ ಗುಂಟ ಸೀಳಬೇಕು. ಬಹುಪಾಲು ಮರ ವ್ಯರ್ಥವಾಗುತ್ತದೆ. ಸ್ಪೇನಿನವರು ಹೆಚ್ಚಾಗಿ ಬಳಸುತ್ತ ಬಂದ ಅಮೆರಿಕದ ಓಕನ್ನು ಗರಗಸದಿಂದ ಕೊಯ್ಯಬಹುದಾದ್ದರಿಂದ ಪೀಪಾಯಿ ಅಗ್ಗ. ಒಂದೇ ಪೀಪಾಯಿಯನ್ನು ಅನೇಕ ವರ್ಷ ಬಳಸುತ್ತಾರೆ. ದೊಡ್ಡ ಉಗ್ರಾಣಗಳು ಖರ್ಚನ್ನು ಲಕ್ಷಾಂತರ ಸೀಸೆಗಳ ಮೇಲೆ ಹಂಚುತ್ತವೆ. ಆದರೆ ದಕ್ಷಿಣದಲ್ಲಿ ಬೆಳೆಗಾರನಿಗೆ ಹಣ್ಣಿಗೆ ದೊರೆಯುವ ಬೆಲೆಯೂ ಕಡಿಮೆಯೇ. ಅಗ್ಗದ ಸೀಸೆಯ ಹಿಂದೆ ಅವನ ಪಾಲಿನ ತ್ಯಾಗವೂ ಇದೆ ಎಂಬುದನ್ನು ಮರೆಯಲಾಗದು.

ಇನ್ನು ಕಾಲವು ಮಾಡುವ ಕೆಲಸವನ್ನು ನೋಡೋಣ. ಹೊಸ ದ್ರಾಕ್ಷಾರಸದ ಬಣ್ಣ ನೇರಳೆಗೆಂಪು; ಮಾಗಿದಂತೆಲ್ಲ ಮಾಣಿಕ್ಯದ ಬಣ್ಣವಾಗಿ, ಲೋಟವನ್ನು ಓರೆಮಾಡಿದರೆ ಅಂಚಿನಲ್ಲಿ ಇಟ್ಟಿಗೆಯ ಛಾಯೆ ಕಾಣುತ್ತದೆ. ತಾಜಾ ಹಣ್ಣಿನ ವಾಸನೆ ಹಿಂದೆ ಸರಿದು ಒಣಹಣ್ಣು, ಹದಮಾಡಿದ ಚರ್ಮ, ಹೊಗೆಸೊಪ್ಪು, ಲವಂಗಗಳ ಪರಿಮಳ ಮುಂದೆ ಬರುತ್ತದೆ. ವೆನಿಲ್ಲಾ ಮತ್ತು ಕೊಬ್ಬರಿಯ ಕಂಪು ಅಮೆರಿಕದ ಓಕಿನ ಕೊಡುಗೆ. ಸಿಪ್ಪೆಯ ಒಗರು ಕಣಗಳು ಒಂದನ್ನೊಂದು ಕೂಡಿ ತಳಕ್ಕಿಳಿದು ಗಸಿಯಾಗುವುದರಿಂದ ನಾಲಿಗೆಗೆ ಮೃದುತ್ವ ದೊರೆಯುತ್ತದೆ. ಗಸಿ ಕಂಡರೆ ಕೆಟ್ಟಿತೆಂದು ಚೆಲ್ಲಬೇಕಾಗಿಲ್ಲ.

ಬಡಿಸುವ ಕ್ರಮ ಸರಳ. ಹಿಂದಿನ ದಿನವೇ ಸೀಸೆಯನ್ನು ನೆಟ್ಟಗೆ ನಿಲ್ಲಿಸಿದರೆ ಗಸಿ ತಳ ಸೇರುತ್ತದೆ. ಹಳೆಯ ಬಿರಡೆ ಮುರಿಯುವಂಥದು, ನಿಧಾನವಾಗಿ ತೆಗೆಯಬೇಕು. ಸೀಸೆಯ ಕುತ್ತಿಗೆಯ ಹಿಂದೆ ಮೇಣದ ಬತ್ತಿ ಹಚ್ಚಿ, ಒಂದೇ ಸಮನೆ ಗಾಜಿನ ಹೂಜಿಗೆ ಬಗ್ಗಿಸಿ, ಗಸಿ ಕುತ್ತಿಗೆಗೆ ಬಂದೊಡನೆ ನಿಲ್ಲಿಸಬೇಕು. ಗಂಟೆಗಟ್ಟಲೆ ಮುಂಚೆ ತೆರೆದಿಟ್ಟರೆ ಹಳೆಯ ಪರಿಮಳ ಹಾರಿಹೋದೀತು. ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ಮಾತು ಯೂರೋಪಿನ ತಣ್ಣನೆಯ ಕಲ್ಲುಮನೆಗಳಲ್ಲಿ ಹುಟ್ಟಿದ್ದು. ನಮ್ಮ ಕರಾವಳಿಯ ಸೆಖೆಗೆ ಅದು ಹೊಂದದು. ಮದ್ಯಸಾರದ ಘಾಟು ಮಾತ್ರ ಮೇಲೇಳುತ್ತದೆ. ಶೀತಕದಲ್ಲಿಟ್ಟು 16ರಿಂದ 18 ಡಿಗ್ರಿಗೆ ತರುವುದು ಲೇಸು. ರಿಯೋಹಾದವರು ಒಣಗಿದ ದ್ರಾಕ್ಷಿಬಳ್ಳಿಯ ಬೆಂಕಿಯಲ್ಲಿ ಸುಟ್ಟ ಕುರಿಮರಿಯ ಮಾಂಸದೊಡನೆ ಇದನ್ನು ಸೇವಿಸುತ್ತಾರೆ. ನಮ್ಮಲ್ಲಿ ಖಾರ ಕಡಿಮೆಯಿರುವ ಹುರಿದ ಮಾಂಸ ಒಗ್ಗುತ್ತದೆ; ಮೆಣಸಿನಕಾಯಿಯ ಖಾರ ಅದರ ಸೂಕ್ಷ್ಮ ರುಚಿಯನ್ನು ಮುಚ್ಚಿಬಿಡುತ್ತದೆ. 750 ಮಿಲಿಲೀಟರಿನ ಒಂದು ಸೀಸೆ ಆರು ಮಂದಿಗೆ ಸಾಕು. ಲೋಟದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬದಿದ್ದರೆ ಪರಿಮಳಕ್ಕೂ ಎಡೆ, ಮಿತಿಗೂ ಎಡೆ.

ಐದು ವರ್ಷ ಕತ್ತಲಲ್ಲಿ ಕಾದದ್ದನ್ನು ಐದು ನಿಮಿಷದಲ್ಲಿ ಗುಟುಕರಿಸುವುದು ಉಚಿತವಲ್ಲ. ಲಬಸ್ತೀದಾದ ಆ ಗುರುವಿಗೆ ಬದುಕಿದ್ದಾಗ ಕಾಯುವಿಕೆಯ ಕೂಲಿ ಸಿಗಲಿಲ್ಲ. ಬಿಸಿಲಲ್ಲಿ ಗೊಂಚಲು ಕೊಯ್ಯುವ ಬೆಳೆಗಾರನಿಗೆ ಇಂದಿಗೂ ಪೂರ್ತಿಯಾಗಿ ಸಿಕ್ಕಿಲ್ಲ. ನಿಧಾನವಾಗಿ, ಹಿತಮಿತವಾಗಿ, ಹತ್ತಿರದವರೊಡನೆ ಹಂಚಿಕೊಂಡು ಸೇವಿಸುವುದೇ ಅವರಿಗೆ ನಾವು ಸಲ್ಲಿಸಬಹುದಾದ ಗೌರವ.