ಮೆದುಳಿನ ಅನ್ಯೂರಿಸಂ ಚಿಕಿತ್ಸೆ ಮತ್ತು ಚಿತ್ರಣ ತಂತ್ರಗಳ ಪರೀಕ್ಷೆ: ಒಂದು ಚಾರಿತ್ರಿಕ ಅವಲೋಕನ

ಮೆದುಳಿಗೆ ರಕ್ತ ಪೂರೈಸುವ ಅಪಧಮನಿಯ ಗೋಡೆ ಒಂದೆಡೆ ದುರ್ಬಲಗೊಂಡು, ರಕ್ತದ ಒತ್ತಡಕ್ಕೆ ಹೊರಕ್ಕೆ ಉಬ್ಬಿ ಚೀಲದ ಆಕಾರ ತಾಳಿದರೆ ಅದನ್ನು ವೈದ್ಯಶಾಸ್ತ್ರವು ಅನ್ಯೂರಿಸಂ ಎಂದು ಗುರುತಿಸುತ್ತದೆ. ಬಹುಮಟ್ಟಿಗೆ ಮೆದುಳಿನ ತಳಭಾಗದಲ್ಲಿ, ಅಪಧಮನಿಗಳು ಕವಲೊಡೆಯುವ ಜಾಗಗಳಲ್ಲಿ ಕಾಣಿಸಿಕೊಳ್ಳುವ ಈ ಉಬ್ಬು ಹಲವರಲ್ಲಿ ಯಾವ ಲಕ್ಷಣವನ್ನೂ ತೋರದೆ ಉಳಿದಿರುತ್ತದೆ. ಒಡೆದರೆ ಮಾತ್ರ ಮೆದುಳನ್ನು ಸುತ್ತುವರಿದ ಪೊರೆಗಳ ನಡುವೆ ರಕ್ತ ಚೆಲ್ಲಿ, ಹಠಾತ್ತನೆ ಬರುವ ಅಸಹನೀಯ ತಲೆನೋವಿನೊಡನೆ ಪ್ರಾಣಾಪಾಯವನ್ನು ತಂದೊಡ್ಡುತ್ತದೆ. ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಅಗಲವಿದ್ದು ತಲೆಬುರುಡೆಯೊಳಗೆ ಅಡಗಿರುವ ಇದಕ್ಕೆ ಚಿಕಿತ್ಸೆ ನೀಡಬೇಕಾದರೆ ಮೊದಲು ಇದು ವೈದ್ಯರ ಕಣ್ಣಿಗೆ ಬೀಳಬೇಕು. ಆದ್ದರಿಂದ ಅನ್ಯೂರಿಸಂ ಚಿಕಿತ್ಸೆಯ ಚರಿತ್ರೆ ಬಹುಪಾಲು ಚಿತ್ರಣ ತಂತ್ರಗಳ ಚರಿತ್ರೆಯೂ ಆಗಿದೆ. ಆ ತಂತ್ರಗಳನ್ನು ರೋಗಿಗಳಿಗೆ ಬಳಸುವ ಮೊದಲೂ ಬಳಕೆಗೆ ಬಂದ ಮೇಲೂ ಹೇಗೆ ಪರೀಕ್ಷಿಸಲಾಯಿತು, ಆ ಪರೀಕ್ಷೆಯ ಅಳತೆಗೋಲು ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಲಿಸ್ಬನ್ನಿನ ಪ್ರಯೋಗಗಳು

ಜೀವಂತ ಮನುಷ್ಯನ ಮೆದುಳಿನ ರಕ್ತನಾಳಗಳನ್ನು ಕ್ಷ-ಕಿರಣದಲ್ಲಿ ಕಾಣಿಸುವ ವಿಧಾನ, ಅಂದರೆ ಮೆದುಳಿನ ಆಂಜಿಯೋಗ್ರಫಿ, 1927ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ರೂಪುಗೊಂಡಿತು. ರಕ್ತವೂ ಸುತ್ತಲಿನ ಅಂಗಾಂಶವೂ ಕ್ಷ-ಕಿರಣಕ್ಕೆ ಹೆಚ್ಚು ಕಡಿಮೆ ಒಂದೇ ಬಗೆಯಾಗಿ ಕಾಣುವುದರಿಂದ, ಕಿರಣವನ್ನು ತಡೆಯುವ ಕಾಂಟ್ರಾಸ್ಟ್ ದ್ರಾವಣವೊಂದನ್ನು ಅಪಧಮನಿಗೆ ಚುಚ್ಚಿ, ಅದು ಹರಿಯುವ ಕ್ಷಣದಲ್ಲಿ ಚಿತ್ರ ತೆಗೆಯಬೇಕೆಂಬುದು ನರರೋಗತಜ್ಞ ಎಗಾಸ್ ಮೊನಿಜ್ ಅವರ ಆಲೋಚನೆಯಾಗಿತ್ತು. ಅವರೂ ಅವರ ಸಹಾಯಕ ಅಲ್ಮೇಡಾ ಲಿಮಾ ಅವರೂ ಮೊದಲು ಪ್ರಾಣಿಗಳ ಮೇಲೆ ಹಾಗೂ ಮೃತದೇಹಗಳಲ್ಲಿ ಪ್ರಯೋಗ ನಡೆಸಿ, ಬಳಿಕ ರೋಗಿಗಳಿಗೆ ಸ್ಟ್ರಾನ್ಷಿಯಂ ಬ್ರೋಮೈಡ್ ದ್ರಾವಣವನ್ನು ಚುಚ್ಚಿದರು. ಈ ಹಂತದಲ್ಲಿ ಒಬ್ಬ ರೋಗಿ ಸಾವಿಗೀಡಾದರು. ಆ ದ್ರಾವಣವನ್ನು ಕೈಬಿಟ್ಟು ಸೋಡಿಯಂ ಅಯೊಡೈಡ್ ಬಳಸಿದ ಮೇಲೆ, 1927ರ ಜೂನ್ 28ರಂದು ಮೆದುಳಿನ ಅಪಧಮನಿಗಳು ಫಿಲ್ಮಿನ ಮೇಲೆ ಸ್ಪಷ್ಟವಾಗಿ ಮೂಡಿದವು. ಮರುತಿಂಗಳೇ ಮೊನಿಜ್ ಈ ಫಲಿತಾಂಶವನ್ನು ಪ್ಯಾರಿಸ್ಸಿನ ನರರೋಗತಜ್ಞರ ಸಭೆಯ ಮುಂದಿಟ್ಟರು. ಗಡ್ಡೆಗಳನ್ನು ಪತ್ತೆಹಚ್ಚುವುದೇ ಆರಂಭದ ಉದ್ದೇಶವಾಗಿದ್ದರೂ, 1933ರಲ್ಲಿ ಅದೇ ವಿಧಾನದಿಂದ ಅನ್ಯೂರಿಸಂ ಕೂಡ ಚಿತ್ರದಲ್ಲಿ ಕಾಣಿಸಿಕೊಂಡಿತು.

ಥೋರೊಟ್ರಾಸ್ಟ್ ಕಲಿಸಿದ ಪಾಠ

ಚಿತ್ರಣ ತಂತ್ರಗಳ ಪರೀಕ್ಷೆಯ ಚರಿತ್ರೆಯಲ್ಲಿ ಅತ್ಯಂತ ಕಹಿಯಾದ ಅಧ್ಯಾಯ ಇದರ ಹಿಂದೆಯೇ ಬಂತು. ಸೋಡಿಯಂ ಅಯೊಡೈಡ್ ಚುಚ್ಚಿದಾಗ ರೋಗಿಗೆ ತೀವ್ರ ನೋವಾಗುತ್ತಿದ್ದ ಕಾರಣ, 1931ರಿಂದ ಮೊನಿಜ್ ತಂಡ ಥೋರೊಟ್ರಾಸ್ಟ್ ಎಂಬ ದ್ರಾವಣಕ್ಕೆ ಹೊರಳಿತು. ಥೋರಿಯಂ ಡೈಆಕ್ಸೈಡಿನ ಅತಿ ಸೂಕ್ಷ್ಮ ಕಣಗಳಿದ್ದ ಈ ದ್ರಾವಣ ನೋವುಂಟುಮಾಡುತ್ತಿರಲಿಲ್ಲ, ಕೂಡಲೇ ಎದ್ದು ಕಾಣುವ ಯಾವ ತೊಂದರೆಯನ್ನೂ ಕೊಡುತ್ತಿರಲಿಲ್ಲ, ಚಿತ್ರವನ್ನಂತೂ ಹಿಂದೆಂದೂ ಇಲ್ಲದಷ್ಟು ಸೊಗಸಾಗಿ ಮೂಡಿಸುತ್ತಿತ್ತು. ಆದರೆ ಥೋರಿಯಂ ವಿಕಿರಣಶೀಲ ಧಾತು. ದೇಹ ಅದನ್ನು ಹೊರಹಾಕಲಾರದೆ ಯಕೃತ್ತು, ಗುಲ್ಮ ಮತ್ತು ಮೂಳೆಮಜ್ಜೆಗಳಲ್ಲಿ ಉಳಿಸಿಕೊಳ್ಳುವುದರಿಂದ ಆ ಅಂಗಗಳು ರೋಗಿಯ ಜೀವಮಾನವಿಡೀ ವಿಕಿರಣಕ್ಕೆ ಒಡ್ಡಿಕೊಂಡಿರುತ್ತಿದ್ದವು. ಅಮೆರಿಕದ ವೈದ್ಯಕೀಯ ಸಂಘ 1932ರಲ್ಲಿಯೇ ಈ ಬಗ್ಗೆ ಎಚ್ಚರಿಸಿದ್ದರೂ ಬಳಕೆ ನಿಲ್ಲಲಿಲ್ಲ. 1947ರಲ್ಲಿ ಥೋರೊಟ್ರಾಸ್ಟ್ ಪಡೆದವರಲ್ಲಿ ಯಕೃತ್ತಿನ ಕ್ಯಾನ್ಸರ್ ವರದಿಯಾಯಿತು. ಮುಂದೆ ಜರ್ಮನಿ, ಡೆನ್ಮಾರ್ಕ್, ಪೋರ್ಚುಗಲ್ ಮತ್ತು ಜಪಾನ್ ದೇಶಗಳಲ್ಲಿ ದಶಕಗಳ ಕಾಲ ನಡೆದ ಅನುಸರಣಾ ಅಧ್ಯಯನಗಳು ಈ ಸಂಬಂಧವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿಸಿದವು. ಚಿತ್ರ ತೆಗೆದ ದಿನ ರೋಗಿ ಆರೋಗ್ಯವಾಗಿ ಮನೆಗೆ ಮರಳಿದ್ದು ಆ ತಂತ್ರದ ಸುರಕ್ಷತೆಗೆ ಸಾಕ್ಷಿಯಾಗಲಾರದು ಎಂಬುದನ್ನು ವೈದ್ಯಲೋಕ ಇಷ್ಟು ದೊಡ್ಡ ಬೆಲೆ ತೆತ್ತು ಕಲಿಯಬೇಕಾಯಿತು.

ಶಸ್ತ್ರಕ್ರಿಯೆಯಿಂದ ರಕ್ತನಾಳದೊಳಗಿನ ಚಿಕಿತ್ಸೆಗೆ

1937ರ ಮಾರ್ಚ್ 23ರಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಾಲ್ಟರ್ ಡ್ಯಾಂಡಿ ಅವರು ಅನ್ಯೂರಿಸಂನ ಕುತ್ತಿಗೆಗೆ, ಅಂದರೆ ಉಬ್ಬು ಅಪಧಮನಿಯಿಂದ ಹೊರಡುವ ಭಾಗಕ್ಕೆ, ಬೆಳ್ಳಿಯ ಕ್ಲಿಪ್ ಹಾಕಿ ರಕ್ತದ ಹಾದಿಯನ್ನು ಮುಚ್ಚಿದರು. ಕಣ್ಣನ್ನು ಚಲನಗೊಳಿಸುವ ನರದ ಪಾರ್ಶ್ವವಾಯುವಿನಂತಹ ಲಕ್ಷಣಗಳಿಂದಲೇ ಅವರು ರೋಗವನ್ನು ಊಹಿಸಿದ್ದರೇ ಹೊರತು ಆಂಜಿಯೋಗ್ರಾಂ ತೆಗೆಸಿರಲಿಲ್ಲ. ಚಿತ್ರಣವನ್ನು ಶಸ್ತ್ರಚಿಕಿತ್ಸೆಯ ಅನಿವಾರ್ಯ ಪೂರ್ವಸಿದ್ಧತೆಯನ್ನಾಗಿಸಿದ್ದು ಆನಂತರದ ಬೆಳವಣಿಗೆಗಳು. 1953ರಲ್ಲಿ ಸ್ವೀಡನ್ನಿನ ಸ್ವೆನ್ ಇವಾರ್ ಸೆಲ್ಡಿಂಗರ್ ಅವರು ಸೂಜಿಯ ಮೂಲಕ ತಂತಿಯನ್ನು ತೂರಿಸಿ, ಆ ತಂತಿಯ ಮೇಲೆ ಕ್ಯಾಥೆಟರ್ ಎಂಬ ತೆಳು ಕೊಳವೆಯನ್ನು ರಕ್ತನಾಳಕ್ಕೆ ಸೇರಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಕುತ್ತಿಗೆಯ ಅಪಧಮನಿಯನ್ನು ನೇರವಾಗಿ ಚುಚ್ಚುವ ಅಗತ್ಯ ತಪ್ಪುತ್ತಾ ಬಂತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಯಂತ್ರದಿಂದ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ನಡೆದು, ಒಡೆದ ಅನ್ಯೂರಿಸಂನಿಂದ ಚೆಲ್ಲಿದ ರಕ್ತವನ್ನು ಸೂಜಿ ಚುಚ್ಚದೆಯೇ ಗುರುತಿಸುವ ದಾರಿ ತೆರೆಯಿತು. 1980ರ ಸುಮಾರಿಗೆ ಬಳಕೆಗೆ ಬಂದ ಡಿಜಿಟಲ್ ಸಬ್‌ಟ್ರಾಕ್ಷನ್ ಆಂಜಿಯೋಗ್ರಫಿಯು ದ್ರಾವಣ ಚುಚ್ಚುವ ಮೊದಲಿನ ಚಿತ್ರವನ್ನು ಅನಂತರದ ಚಿತ್ರದಿಂದ ಕಳೆದು, ಮೂಳೆಯ ನೆರಳಿಲ್ಲದ ರಕ್ತನಾಳಗಳನ್ನಷ್ಟೇ ತೋರಿಸುತ್ತದೆ, ಡಿ.ಎಸ್.ಎ. ಎಂದು ಕರೆಯುವ ಈ ವಿಧಾನವೇ ಇಂದಿಗೂ ಹೊಸ ತಂತ್ರಗಳನ್ನು ಒರೆಹಚ್ಚುವ ಮಾನದಂಡವಾಗಿದೆ.

ಚಿತ್ರ ಸ್ಪಷ್ಟವಾದಂತೆ ಚಿಕಿತ್ಸೆಯೇ ರಕ್ತನಾಳದೊಳಕ್ಕೆ ಪ್ರವೇಶಿಸಿತು. ಲಾಸ್ ಏಂಜಲೀಸಿನಲ್ಲಿ ಗೈಡೊ ಗುಗ್ಲಿಯೆಲ್ಮಿ ಮತ್ತು ಸಂಗಡಿಗರು ಹಂದಿಗಳ ಅಪಧಮನಿಯಲ್ಲಿ ಕೃತಕ ಅನ್ಯೂರಿಸಂ ನಿರ್ಮಿಸಿ, ಪ್ಲಾಟಿನಂ ತಂತಿಯ ಸುರುಳಿಯನ್ನು ಅದರೊಳಗಿಟ್ಟು ವಿದ್ಯುತ್ತಿನಿಂದ ಬೇರ್ಪಡಿಸುವ ಕಾಯಿಲ್ ವಿಧಾನವನ್ನು ಪರೀಕ್ಷಿಸಿ, 1990ರಲ್ಲಿ ಮೊದಲ ರೋಗಿಗೆ ಬಳಸಿದರು. ಈ ವಿಧಾನದ ನಿಜವಾದ ಪರೀಕ್ಷೆ 2002ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ. ಎರಡೂ ಚಿಕಿತ್ಸೆಗಳಿಗೆ ಯೋಗ್ಯರೆನಿಸಿದ 2143 ರೋಗಿಗಳನ್ನು ಯಾದೃಚ್ಛಿಕವಾಗಿ ಕ್ಲಿಪ್ ಇಲ್ಲವೇ ಕಾಯಿಲ್ ಚಿಕಿತ್ಸೆಗೆ ಹಂಚಿ ಒಂದು ವರ್ಷದ ನಂತರ ನೋಡಿದಾಗ, ಮೃತಪಟ್ಟವರು ಅಥವಾ ಪರಾವಲಂಬಿಗಳಾದವರು ಕಾಯಿಲ್ ಗುಂಪಿನಲ್ಲಿ ಶೇ. 23.7 ಮತ್ತು ಕ್ಲಿಪ್ ಗುಂಪಿನಲ್ಲಿ ಶೇ. 30.6 ಇದ್ದರು. ಅನ್ಯೂರಿಸಂ ಎಷ್ಟು ಚೆನ್ನಾಗಿ ತುಂಬಿತು ಎಂಬುದಕ್ಕೆ ಬದಲಾಗಿ ರೋಗಿ ಹೇಗೆ ಬದುಕುತ್ತಿದ್ದಾನೆ ಎಂಬುದೇ ಇಲ್ಲಿ ಅಳತೆಗೋಲಾಯಿತು.

ತೆರೆದ ಶಸ್ತ್ರಕ್ರಿಯೆಯಲ್ಲೂ ಪರೀಕ್ಷೆ ಮುಂದುವರಿಯಿತು. 2003ರಲ್ಲಿ ಆಂಡ್ರಿಯಾಸ್ ರಾಬೆ ಮತ್ತು ಸಂಗಡಿಗರು ಇಂಡೋಸಯನೈನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಸೇರಿಸಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಅದು ಹೊಳೆಯುವುದನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು, ಕ್ಲಿಪ್ ಹಾಕಿದ ಕೂಡಲೇ ಅನ್ಯೂರಿಸಂ ಮುಚ್ಚಿದೆಯೇ, ಪಕ್ಕದ ಸಣ್ಣ ಅಪಧಮನಿಗಳಲ್ಲಿ ರಕ್ತ ಹರಿಯುತ್ತಿದೆಯೇ ಎಂದು ತಿಳಿಯುವ ವಿಧಾನವನ್ನು ವರದಿಮಾಡಿದರು. 2005ರಲ್ಲಿ ಇದನ್ನು ಡಿ.ಎಸ್.ಎ. ಚಿತ್ರಗಳೊಂದಿಗೆ ಹೋಲಿಸಿದಾಗ ಶೇ. 90ರಷ್ಟು ಪ್ರಕರಣಗಳಲ್ಲಿ ಎರಡೂ ತಾಳೆಯಾದವು. ಉಳಿದ ಪ್ರಕರಣಗಳು, ಶಸ್ತ್ರಕ್ರಿಯೆಯಲ್ಲಿ ಬಳಸುವ ಸೂಕ್ಷ್ಮದರ್ಶಕದ ನೇರ ನೋಟಕ್ಕೆ ಸಿಗದ ಭಾಗವನ್ನು ಈ ವಿಧಾನ ತೋರಿಸಲಾರದೆಂಬ ಮಿತಿಯನ್ನು ಮರೆಯಬಾರದೆಂದು ನೆನಪಿಸಿದವು.

ಅಪಧಮನಿಯೊಳಗಿನಿಂದ ನೋಟ

ಇತ್ತೀಚಿನ ಪರೀಕ್ಷೆಗಳ ಹಿಂದೆ ಒಂದು ನಿರ್ದಿಷ್ಟ ಅಗತ್ಯವಿದೆ. ಅಮೆರಿಕದಲ್ಲಿ 2011ರಲ್ಲಿ ಅನುಮೋದನೆ ಪಡೆದ ಫ್ಲೋ ಡೈವರ್ಟರ್ ಎಂಬ ಸಾಧನವು ಸೂಕ್ಷ್ಮ ತಂತಿಗಳನ್ನು ಒತ್ತಾಗಿ ಹೆಣೆದ ಕೊಳವೆಯಾಗಿದ್ದು, ಮೂಲ ಅಪಧಮನಿಯಲ್ಲಿ ಅನ್ಯೂರಿಸಂನ ಬಾಯಿಗೆ ಅಡ್ಡಲಾಗಿ ನಿಂತು ರಕ್ತವನ್ನು ಆಚೆಗೆ ತಿರುಗಿಸುತ್ತದೆ. ಇದು ಅಪಧಮನಿಯ ಗೋಡೆಗೆ ಸಂಪೂರ್ಣ ಅಂಟಿ ನಿಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವ, ಅನ್ಯೂರಿಸಂ ಮುಚ್ಚದೆ ಉಳಿಯುವ ಅಪಾಯವಿರುತ್ತದೆ. ಈ ತಂತಿಗಳ ದಪ್ಪ ಸುಮಾರು 30 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ನೂರರಲ್ಲಿ ಮೂರು ಭಾಗ. ಕ್ಷ-ಕಿರಣ ಚಿತ್ರದಲ್ಲಿ ತಂತಿಗೂ ಗೋಡೆಗೂ ನಡುವಿನ ಸಣ್ಣ ಬಿರುಕು ಕಾಣುವುದಿಲ್ಲ. 1991ರಲ್ಲಿ ಅಮೆರಿಕದಲ್ಲಿ ರೂಪುಗೊಂಡು, ಕಣ್ಣು ಹಾಗೂ ಹೃದಯದ ಚಿಕಿತ್ಸೆಯಲ್ಲಿ ನೆಲೆಗೊಂಡ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ ಎಂಬ ತಂತ್ರ ಇಲ್ಲಿ ನೆರವಿಗೆ ಬಂತು. ಅಂಗಾಂಶದಿಂದ ಮರಳುವ ಅವಕೆಂಪು ಬೆಳಕನ್ನು ಅಳೆದು ಸೀಳುನೋಟ ರಚಿಸುವ ಇದರ ಸೂಕ್ಷ್ಮತೆ ಸುಮಾರು 10 ಮೈಕ್ರೋಮೀಟರ್. ಆದರೆ ಹೃದಯಕ್ಕಾಗಿ ಮಾಡಿದ ಶೋಧಕವು ಮೆದುಳಿನ ಅಂಕುಡೊಂಕಾದ ಅಪಧಮನಿಗಳಲ್ಲಿ ಸಲೀಸಾಗಿ ಬಾಗಿ ಸಾಗುತ್ತಿರಲಿಲ್ಲ. ರಕ್ತಕಣಗಳು ಬೆಳಕನ್ನು ಚದುರಿಸುವುದರಿಂದ ಚಿತ್ರ ತೆಗೆಯುವಷ್ಟು ಹೊತ್ತು ರಕ್ತವನ್ನು ಕಾಂಟ್ರಾಸ್ಟ್ ದ್ರಾವಣದಿಂದ ತೊಳೆದು ಸರಿಸುವುದೂ ಅಗತ್ಯವಾಗಿತ್ತು. ಇದಕ್ಕಾಗಿ ತೀರಾ ತೆಳುವಾದ, ಬಾಗುವ ಹೊಸ ಶೋಧಕವನ್ನು ರೂಪಿಸಿ, ಪ್ರಯೋಗಶಾಲೆಯಲ್ಲೂ ಪ್ರಾಣಿಗಳಲ್ಲೂ ಪರೀಕ್ಷಿಸಿದ ಬಳಿಕ ಮನುಷ್ಯರಲ್ಲಿ ಬಳಸಲಾಯಿತು. ಕೆನಡಾ ಮತ್ತು ಅರ್ಜೆಂಟೀನಾದ ಎರಡು ಕೇಂದ್ರಗಳಲ್ಲಿ 32 ರೋಗಿಗಳ ಮೇಲೆ ನಡೆದ ಮೊದಲ ಮಾನವ ಅಧ್ಯಯನ 2024ರಲ್ಲಿ ಪ್ರಕಟವಾಗಿ, ಮೆದುಳಿನ ಅಪಧಮನಿಯೊಳಗಿನಿಂದ ಇಂತಹ ಚಿತ್ರ ಪಡೆಯುವುದು ಸಾಧ್ಯವೆಂದು ತೋರಿಸಿತು.

ಸಮಾರೋಪ

ಲಿಸ್ಬನ್ನಿನಿಂದ ಇಲ್ಲಿಯವರೆಗಿನ ಈ ಚರಿತ್ರೆಯಿಂದ ಚಿತ್ರಣ ತಂತ್ರಕ್ಕೆ ಮೂರು ಪರೀಕ್ಷೆಗಳು ಸ್ಪಷ್ಟವಾಗುತ್ತವೆ: ಅದು ಇಂದೂ, ದಶಕಗಳ ನಂತರವೂ ರೋಗಿಗೆ ಹಾನಿ ಮಾಡಬಾರದು, ಅದು ತೋರಿಸುವುದು ನಿಜವೆಂದು ಒಪ್ಪಿತ ಮಾನದಂಡದೊಡನೆ ಹೋಲಿಸಿ ಖಚಿತವಾಗಬೇಕು, ಅದನ್ನು ಆಧರಿಸಿ ವೈದ್ಯರು ಕೈಗೊಳ್ಳುವ ತೀರ್ಮಾನದಿಂದ ರೋಗಿಯ ಬದುಕು ಸುಧಾರಿಸಬೇಕು. ಥೋರೊಟ್ರಾಸ್ಟ್ ಮೊದಲನೆಯದರಲ್ಲೇ ಸೋತಿತು, ಇಂಡೋಸಯನೈನ್ ಗ್ರೀನ್ ಎರಡನೆಯದರಲ್ಲಿ ತನ್ನ ಮಿತಿಯೊಡನೆ ಗೆದ್ದಿತು, ಮೂರನೆಯದರ ಮಾದರಿಯನ್ನು 2002ರ ಅಧ್ಯಯನ ಹಾಕಿಕೊಟ್ಟಿತು. ಅಪಧಮನಿಯೊಳಗಿನ ಹೊಸ ಚಿತ್ರಣ ತಂತ್ರ ಇನ್ನೂ ಮೊದಲ ಮೆಟ್ಟಿಲಲ್ಲಿದೆ; 32 ರೋಗಿಗಳ ಅಧ್ಯಯನ ಅದರ ಸಾಧ್ಯತೆಯನ್ನು ತೋರಿಸಿದೆಯೇ ಹೊರತು ಪ್ರಯೋಜನವನ್ನಲ್ಲ. ಆದ್ದರಿಂದ ಯಾದೃಚ್ಛಿಕ ಹೋಲಿಕೆಯ ಅಧ್ಯಯನವೂ ದೀರ್ಘಕಾಲದ ಅನುಸರಣೆಯೂ ಮುಗಿಯುವವರೆಗೆ ಇದನ್ನು ಪರೀಕ್ಷೆಗೊಳಗಾಗಿರುವ ಭರವಸೆಯ ತಂತ್ರವೆಂದೇ ಪರಿಗಣಿಸಬೇಕು.