ರವೆ ಇಡ್ಲಿ ಮತ್ತು ಸಿಂಗಪುರ

ಕಳೆದ ವರ್ಷ ವಿಚಾರಸಂಕಿರಣವೊಂದಕ್ಕೆ ಸಿಂಗಪುರಕ್ಕೆ ಹೋಗಿದ್ದಾಗ ನನ್ನ ಹುಟ್ಟುಹಬ್ಬ ಬಂತು. ಅಲ್ಲಿ ಕೆಲಸಕ್ಕಿರುವ ಕುಂದಾಪುರ, ಬೈಂದೂರಿನ ಗೆಳೆಯರು ಊರು ತೋರಿಸಲು ಹೊರಟರು. ನಾನು ಕೇಳಿದ್ದು ಬುಕಿತ್ ತಿಮಾದ ಹಳೆಯ ಫೋರ್ಡ್ ಕಾರ್ಖಾನೆ. 1942ರ ಫೆಬ್ರವರಿ 15ರಂದು ಬ್ರಿಟಿಷರು ಜಪಾನೀಯರಿಗೆ ಶರಣಾದದ್ದು ಅಲ್ಲಿಯೇ, ಈಗದು ವಸ್ತುಸಂಗ್ರಹಾಲಯ. "ಹುಟ್ಟಿದ ದಿನವೂ ಯುದ್ಧವೇ ಬೇಕಾ ಮಾರಾಯ?" ಎಂದು ಗೆಳೆಯರು ನಕ್ಕರು.

ಮಧ್ಯಾಹ್ನ ಸೆರಂಗೂನ್ ರಸ್ತೆಯ ಎಂಟಿಆರ್‌ನಲ್ಲಿ ಕೇಕಿನ ಬದಲು ರವೆ ಇಡ್ಲಿ. ಈ ಹೋಟೆಲಿನ ಬೇರಿರುವುದು ನಮ್ಮ ಬ್ರಹ್ಮಾವರ ತಾಲೂಕಿನ ಪಾರಂಪಳ್ಳಿಯಲ್ಲಿ. ಅಲ್ಲಿಂದ ಅಡುಗೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮಯ್ಯ ಸೋದರರು 1924ರಲ್ಲಿ ಸ್ವಂತ ಹೋಟೆಲು ತೆರೆದರು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ, ಅಲ್ಲಿನ ಶುಚಿತ್ವದ ಪಾಠವನ್ನು ತಮ್ಮ ಅಡುಗೆಮನೆಗೆ ತಂದರು.

ರವೆ ಇಡ್ಲಿ ಯುದ್ಧಕಾಲದ ಶಿಶು ಎಂಬುದು ಎಂಟಿಆರ್‌ನವರ ಮಾತು. ಸಿಂಗಪುರ ಬಿದ್ದ ಮರುತಿಂಗಳೇ ರಂಗೂನ್ ಕೂಡ ಜಪಾನಿನ ಕೈಸೇರಿತು. ಬರ್ಮಾದ ಅಕ್ಕಿ ಭಾರತಕ್ಕೆ ಬರುವುದು ನಿಂತಿತು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಬೆಂಗಳೂರಿನಲ್ಲಿ ಅಕ್ಕಿ ಸಿಗದೆ ಮಯ್ಯರ ಅಡುಗೆಮನೆ ರವೆಯ ಕಡೆ ತಿರುಗಿತು. ಬೆಳಿಗ್ಗೆ ಕಂಡ ಶರಣಾಗತಿಯ ಕೋಣೆಗೂ ಎದುರಿಗಿದ್ದ ತಟ್ಟೆಗೂ ನಂಟಿತ್ತು.

ರಾತ್ರಿ ಅಮ್ಮನ ಫೋನು: "ರವೆ ಇಡ್ಲಿಯಾ? ಹುಟ್ಟಿದ್ ದಿನ ಅನ್ನ ಉಣ್ಲಿಲ್ಯಾ ಮಗಾ?"

ಅದು ಅಕ್ಕಿಯಿಲ್ಲದ ಕಾಲದ ತಿಂಡಿ ಎಂದೆ. ಅಮ್ಮ ತುಸು ಹೊತ್ತು ಸುಮ್ಮನಿದ್ದು, ಆ ವರ್ಷಗಳಲ್ಲಿ ತನ್ನ ಅಜ್ಜಿ ಗೆಣಸು ಬೇಯಿಸಿ ಮಕ್ಕಳನ್ನು ಸಾಕಿದ್ದನ್ನು ಮೊದಲ ಬಾರಿಗೆ ಹೇಳಿದಳು. ಶರಣಾಗತಿಯ ಕೋಣೆಯನ್ನು ಕಾಪಿಟ್ಟಿದ್ದಾರೆ. ಆ ಗೆಣಸಿನ ಮಡಕೆಯನ್ನು ನಾನು ಬರೆದಿಡಬೇಕು.